.45 ಗುರಿ ಪಿಸ್ತೂಲಿಗೆ ಎಷ್ಟು ಪೌಂಡಿನ ರೀಕಾಯಿಲ್ ಸ್ಪ್ರಿಂಗ್ ಹಾಕಬೇಕು?

ನಿಮ್ಮ ಪ್ರಶ್ನೆ ಇಷ್ಟು: 5 ಇಂಚು ನಳಿಗೆಯ .45 ಬೋರಿನ 1911 ಮಾದರಿಯ ಪಿಸ್ತೂಲು, ಅದರ ಜೊತೆಗೇ ಬಂದ 16 ಪೌಂಡಿನ ರೀಕಾಯಿಲ್ ಸ್ಪ್ರಿಂಗ್ (ಗುಂಡು ಹೊಡೆದಾಗ ಹಿಂದೆ ಸರಿಯುವ ಮೇಲಿನ ಭಾಗವನ್ನು, ಅಂದರೆ ಸ್ಲೈಡನ್ನು, ಮತ್ತೆ ಮುಂದೆ ತರುವ ಸ್ಪ್ರಿಂಗ್), ಹೊಡೆಯುವುದು 185 ಗ್ರೇನ್ ತೂಕದ ಗುಂಡಿನ ಮೆದು ಮ್ಯಾಚ್ ತೋಟಾ, ಅಂದರೆ ಸ್ಪರ್ಧೆಗೆಂದೇ ಮಾಡಿದ ಕಡಿಮೆ ಬಲದ ತೋಟಾ. ಖಾಲಿ ಕೇಸು ಕಾಲ ಬುಡದಲ್ಲೇ ಬೀಳುತ್ತದೆ, ಕೊನೆಯ ಗುಂಡು ಹೋದ ಮೇಲೆ ಸ್ಲೈಡ್ ಆಗಾಗ ಹಿಂದೆ ನಿಲ್ಲುವುದಿಲ್ಲ. ಗೋಣಿಕೊಪ್ಪದ ಸ್ನೇಹಿತರು 12 ಹಾಕಿ ಅಂದರಂತೆ, ಮಡಿಕೇರಿಯವರೊಬ್ಬರು ಫ್ರೇಮ್ (ಪಿಸ್ತೂಲಿನ ಕೆಳಗಿನ ಒಡಲು) ಹಾಳಾಗದೆ ಉಳಿಯಬೇಕಾದರೆ 18 ಹಾಕಿ ಅಂದರಂತೆ.

ಗೋಣಿಕೊಪ್ಪದವರು ಹೇಳಿದ್ದು ಸರಿ. 12ರಿಂದ ಶುರು ಮಾಡಿ, 13 ಮತ್ತು 14 ಕೂಡ ಕೈಯಲ್ಲಿರಲಿ. ನಿಮ್ಮ ತೋಟಾಕ್ಕೆ 18 ಹಾಕಿದರೆ ಈಗಿನ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೊದಲು ಆ ಪೌಂಡು ಏನನ್ನು ಹೇಳುತ್ತದೆ ಅಂತ ನೋಡೋಣ. ಸ್ಲೈಡ್ ಪೂರ್ತಿ ಹಿಂದೆ ಹೋದಾಗ ಒತ್ತಿಕೊಂಡ ಸ್ಪ್ರಿಂಗ್ ತಿರುಗಿ ಒತ್ತುವ ಬಲ ಅದು. 16 ಪೌಂಡ್ ಅಂದರೆ ಸುಮಾರು 7.25 ಕಿಲೋ, 12 ಅಂದರೆ ಸುಮಾರು 5.45 ಕಿಲೋ. ಸ್ಲೈಡ್ ಮುಚ್ಚಿ ಕೂತಿರುವಾಗ ಇದರ ಹೆಚ್ಚುಕಡಿಮೆ ಅರ್ಧದಷ್ಟು ಬಲ ಮಾತ್ರ ಇರುತ್ತದೆ. ಆ ಅರ್ಧವೇ ತೋಟಾವನ್ನು ಕೊನೆಯ ಕೂದಲೆಳೆಯವರೆಗೆ ನಳಿಗೆಯ ಹಿಂತುದಿಯ ಚೇಂಬರಿಗೆ ತಳ್ಳಿ ಕೂರಿಸಬೇಕು. ಈ ಮಾತನ್ನು ನೆನಪಿಡಿ, ಕೆಳಗೆ ಮತ್ತೆ ಬೇಕಾಗುತ್ತದೆ.

ಈಗ ತೋಟಾದ ಲೆಕ್ಕ. ಗುಂಡಿನ ತೂಕವನ್ನು ಗ್ರೇನಿನಲ್ಲೂ ವೇಗವನ್ನು ಸೆಕೆಂಡಿಗೆ ಅಡಿಯಲ್ಲೂ ತೆಗೆದುಕೊಂಡು ಗುಣಿಸಿ, 1000ದಿಂದ ಭಾಗಿಸಿ. ಐಪಿಎಸ್‌ಸಿ ಎಂಬ ಪ್ರಾಯೋಗಿಕ ಶೂಟಿಂಗ್ ಸ್ಪರ್ಧೆಗಳಲ್ಲಿ ಪವರ್ ಫ್ಯಾಕ್ಟರ್ ಅನ್ನುವುದು ಇದನ್ನೇ. 16 ಪೌಂಡಿನ ಸ್ಪ್ರಿಂಗ್ ಹೊಂದುವುದು ತಾಮ್ರದ ಹೊದಿಕೆಯ, ಪೂರ್ತಿ ಬಲದ 230 ಗ್ರೇನಿನ ಹಾರ್ಡ್‌ಬಾಲಿಗೆ. ಅದರ ವೇಗ 830 ಅಡಿ ಅಂದುಕೊಂಡರೆ ಲೆಕ್ಕ 191 ಬರುತ್ತದೆ. 185 ಗ್ರೇನಿನ ಮ್ಯಾಚ್ ತೋಟಾ 770 ಅಡಿಯಲ್ಲಿ ಹೋದರೆ 142. ಅಂದರೆ ನಿಮ್ಮ ತೋಟಾ ಸ್ಲೈಡಿಗೆ ಕೊಡುವ ತಳ್ಳು ಕಾಲು ಭಾಗ ಕಡಿಮೆ. 16ರಲ್ಲಿ ಕಾಲು ಭಾಗ ಕಳೆದರೆ 12. ಇದು ಭೌತಶಾಸ್ತ್ರದ ನಿಯಮವೇನಲ್ಲ, ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯಲು ಒಂದು ಅಂದಾಜು. ನಿಮ್ಮ ಡಬ್ಬಿಯ ಮೇಲೆ ಬರೆದ ವೇಗ ಹಾಕಿ ನೀವೇ ಗುಣಿಸಿ ನೋಡಿ.

ಬಿಗಿ ಸ್ಪ್ರಿಂಗ್ ಹಾಕಿದರೆ ಫ್ರೇಮ್ ಉಳಿಯುತ್ತದೆ ಅನ್ನುವುದು ಅರ್ಧ ಸತ್ಯ. ಹಿಂದೆ ನುಗ್ಗುವ ಸ್ಲೈಡಿನ ವೇಗವನ್ನು ಮೊದಲು ತೀರ್ಮಾನಿಸುವುದು ಸ್ಲೈಡಿನದೇ ತೂಕ. ಆಮೇಲೆ ಹ್ಯಾಮರನ್ನು ಹಿಂದಕ್ಕೆ ಮಡಿಸುವಾಗ ಸಿಗುವ ತಡೆ. ರೀಕಾಯಿಲ್ ಸ್ಪ್ರಿಂಗ್ ಹೀರಿಕೊಳ್ಳುವುದು ಉಳಿದದ್ದರಲ್ಲಿ ಒಂದು ಪಾಲು ಮಾತ್ರ. ಹೀರಿಕೊಂಡದ್ದನ್ನೂ ಅದು ಬಿಡುವುದಿಲ್ಲ, ಸ್ಲೈಡ್ ಮುಂದೆ ಬರುವಾಗ ಪೂರ್ತಿ ವಾಪಸ್ ಕೊಡುತ್ತದೆ. ಮೆದು ತೋಟಾಕ್ಕೆ 18 ಹಾಕಿದರೆ ಹಿಂದಿನ ಹೊಡೆತ ಸ್ವಲ್ಪ ತಗ್ಗಿ, ಮುಂದಿನ ಹೊಡೆತ ಹೆಚ್ಚುತ್ತದೆ. ಆ ಏಟು ಬೀಳುವುದು ನಳಿಗೆಯ ಕೆಳಗಿನ ಲಗ್ಗುಗಳ (ಚಾಚುಗಳ) ಮೇಲೆ, ಸ್ಲೈಡ್ ಸ್ಟಾಪಿನ (ಸ್ಲೈಡನ್ನು ಹಿಂದೆ ತಡೆಯುವ ಕೊಂಡಿಯ) ಪಿನ್ನಿನ ಮೇಲೆ. ಜೊತೆಗೆ ಸ್ಲೈಡ್ ಧಡ್ ಅಂತ ಮುಚ್ಚುವಾಗ ಮೂತಿ ಕೆಳಗೆ ಬಾಗುತ್ತದೆ. ಎರಡನೇ ಗುಂಡು ಬೇಗ ಹೊಡೆಯಬೇಕಾದವರಿಗೆ ಇದೇ ದೊಡ್ಡ ನಷ್ಟ.

ಇಲ್ಲಿ ಹೆಚ್ಚಿನವರು ಮರೆಯುವ ಒಂದು ಭಾಗ ಮೇನ್‌ಸ್ಪ್ರಿಂಗ್, ಹಿಡಿಯ ಹಿಂಬದಿಯೊಳಗೆ ಇರುವ ಹ್ಯಾಮರಿನ ಸ್ಪ್ರಿಂಗ್. 1911ರಲ್ಲಿ ಮಾಮೂಲಿ 23 ಪೌಂಡಿನದು. ಟ್ರಿಗರ್ ಹಗುರವಾಗಲಿ ಅಂತ ಯಾರಾದರೂ ಅದನ್ನು 19ಕ್ಕೆ ಇಳಿಸಿದ್ದರೆ ಸ್ಲೈಡಿಗೆ ಹಿಂದೆ ಹೋಗುವ ದಾರಿ ಸಲೀಸಾಗಿರುತ್ತದೆ. ಆಗ ಅದೇ ತೋಟಾಕ್ಕೆ 12ರ ಬದಲು 13 ಅಥವಾ 14 ಹೊಂದಬಹುದು. ಪಿಸ್ತೂಲು ನಿಮ್ಮ ಕೈಗೆ ಬರುವ ಮೊದಲು ಬೇರೆಯವರ ಹತ್ತಿರ ಇದ್ದಿದ್ದರೆ, ಲೈಸೆನ್ಸ್ ಇರುವ ಕೋವಿ ರಿಪೇರಿಯವರಲ್ಲಿ ಇದನ್ನೊಮ್ಮೆ ಬಿಚ್ಚಿಸಿ ನೋಡಿ.

ಸ್ಪ್ರಿಂಗ್ ಬದಲಿಸುವ ಮೊದಲು ಮ್ಯಾಗಜಿನ್ ಮೇಲಿನ ಸಂಶಯ ಕಳೆದುಕೊಳ್ಳಿ. ಕೊನೆಗೆ ಸ್ಲೈಡನ್ನು ಹಿಡಿದು ನಿಲ್ಲಿಸುವುದು ರೀಕಾಯಿಲ್ ಸ್ಪ್ರಿಂಗ್ ಅಲ್ಲ, ಮ್ಯಾಗಜಿನ್ನಿನ ಫಾಲೋವರ್, ಅಂದರೆ ತೋಟಾಗಳನ್ನು ಕೆಳಗಿನಿಂದ ಎತ್ತುವ ತಟ್ಟೆ. ಅದು ಸ್ಲೈಡ್ ಸ್ಟಾಪನ್ನು ಮೇಲೆತ್ತಬೇಕು. ಮ್ಯಾಗಜಿನ್ ಸ್ಪ್ರಿಂಗ್ ಸೋತಿದ್ದರೆ ಸ್ಲೈಡ್ ಎಷ್ಟು ಹಿಂದೆ ಹೋದರೂ ನಿಲ್ಲುವುದಿಲ್ಲ. ಎರಡು ಮೂರು ಮ್ಯಾಗಜಿನ್‌ಗಳಿಗೆ ನಂಬರ್ ಹಾಕಿ ಒಂದೊಂದರಲ್ಲೂ ಹೊಡೆಯಿರಿ. ಒಂದೇ ನಂಬರಿನಲ್ಲಿ ತಪ್ಪುತ್ತಿದ್ದರೆ ರೋಗ ಅಲ್ಲೇ ಇದೆ. ಎಲ್ಲದರಲ್ಲೂ ತಪ್ಪುತ್ತಿದ್ದು ಕೇಸೂ ಹತ್ತಿರ ಬೀಳುತ್ತಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುತ್ತಿಲ್ಲ ಅಂತಲೇ ಅರ್ಥ. ನೀವು ವಿವರಿಸಿದ್ದು ಈ ಎರಡನೆಯದು.

ಪರೀಕ್ಷೆಯನ್ನು ಅನುಮತಿ ಇರುವ ರೇಂಜಿನಲ್ಲೇ ಮಾಡಿ, ಕಣ್ಣಿಗೆ ಕನ್ನಡಕ, ಕಿವಿಗೆ ಮಫ್ ಹಾಕಿಕೊಂಡು. ಪಿಸ್ತೂಲು ಒರೆಸಿ ಸ್ಲೈಡ್ ಓಡುವ ರೇಲಿಗೆ ಒಂದೊಂದು ಹನಿ ಎಣ್ಣೆ ಬಿಡಿ. ನಿಮ್ಮ ಬಲಗಡೆ, ಸ್ವಲ್ಪ ಹಿಂದಕ್ಕೆ, ಕಾಫಿ ಒಣಗಿಸುವ ಟಾರ್ಪಾಲ್ ಹಾಸಿ ಅದರ ಮೇಲೆ ಅಡಿಗೊಂದು ಗೆರೆ ಎಳೆದುಕೊಳ್ಳಿ. ಕೇಸು ಕಳೆಯುವುದಿಲ್ಲ, ದೂರದ ಲೆಕ್ಕವೂ ಕಣ್ಣಿಗೆ ಬೀಳುತ್ತದೆ. ಈಗ ಮ್ಯಾಗಜಿನ್ನಿಗೆ ಒಂದೇ ಒಂದು ತೋಟಾ ಹಾಕಿ ಹೊಡೆಯಿರಿ. ಸ್ಲೈಡ್ ಹಿಂದೆ ನಿಂತಿತೇ? ಇದನ್ನು 10 ಸಲ ಮಾಡಿ: ಐದು ಸಲ ಎರಡೂ ಕೈಯಲ್ಲಿ ಬಿಗಿಯಾಗಿ, ಐದು ಸಲ ಒಂದೇ ಕೈಯಲ್ಲಿ ಮಣಿಕಟ್ಟು ಕೊಂಚ ಸಡಿಲ ಬಿಟ್ಟು. ಬಿಗಿ ಕೈಯಲ್ಲಿ ಮಾತ್ರ ನಿಲ್ಲುವ ಸ್ಪ್ರಿಂಗನ್ನು ನಂಬಬೇಡಿ. ಸ್ಪರ್ಧೆಯ ದಿನ ಕೈ ಹಾಗೇ ಇರುವುದಿಲ್ಲ. ಮೇಲಿನ ಗಡಿ ಹುಡುಕಲು ಮಾತ್ರ 16ರಿಂದ 14, 13, 12 ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತ ಬನ್ನಿ. ಹತ್ತಕ್ಕೆ ಹತ್ತೂ ನಿಂತ ಮೊದಲ ಸ್ಪ್ರಿಂಗ್ ಯಾವುದೋ ಅದು ನಿಮ್ಮ ಮೇಲಿನ ಗಡಿ.

ಕೇಸು 4ರಿಂದ 8 ಅಡಿ ದೂರದಲ್ಲಿ, ಹೆಚ್ಚುಕಡಿಮೆ ಒಂದೇ ಕಡೆ ಗುಂಪಾಗಿ ಬಿದ್ದರೆ ಸರಿ. 12 ಅಡಿ ದಾಟಿ ಹಾರಿದರೆ ಸ್ಪ್ರಿಂಗ್ ತೀರಾ ಹಗುರ. ಒಂದು ಎಡಕ್ಕೆ, ಒಂದು ತಲೆಯ ಮೇಲೆ ಅಂತ ದಿಕ್ಕಾಪಾಲಾದರೆ ತಪ್ಪು ಎಕ್ಸ್‌ಟ್ರ್ಯಾಕ್ಟರ್ (ಕೇಸನ್ನು ಎಳೆಯುವ ಕೊಕ್ಕೆ) ಅಥವಾ ಎಜೆಕ್ಟರಿನದು (ಅದನ್ನು ಹೊರಗೆಸೆಯುವ ಭಾಗ). ಅದನ್ನು ಸ್ಪ್ರಿಂಗ್ ಬದಲಿಸಿ ಸರಿಮಾಡಲು ಹೋಗಬೇಡಿ.

ಕೆಳಗಿನ ಗಡಿಯನ್ನು ಹುಡುಕುವುದು ಹೆಚ್ಚು ಮುಖ್ಯ. ಹಗುರ ಸ್ಪ್ರಿಂಗಿನಲ್ಲಿ ಹೊಡೆಯುವುದು ಎಷ್ಟು ಹಿತವಾಗಿರುತ್ತದೆ ಅಂದರೆ ಜನ ಇಳಿಸುತ್ತಲೇ ಹೋಗುತ್ತಾರೆ, ಕಡೆಗೆ ಒಂದು ದಿನ ಸ್ಲೈಡ್ ಕಾಲು ಇಂಚು ತೆರೆದೇ ನಿಲ್ಲುತ್ತದೆ. ಮೇಲೆ ಹೇಳಿದ ಅರ್ಧ ಬಲದ ಮಾತು ಇಲ್ಲಿ ಬರುತ್ತದೆ: 8 ಪೌಂಡಿನ ಸ್ಪ್ರಿಂಗ್ ಹಾಕಿದರೆ ಮುಚ್ಚುವ ಕೊನೆಯ ಹಂತದಲ್ಲಿ ಉಳಿಯುವುದು ಸುಮಾರು 4 ಪೌಂಡ್. ಮಸಿ ಕಟ್ಟಿದ ಚೇಂಬರಿಗೆ, ಸೀಸದ ಗುಂಡಿನ ಅಂಚಿಗೆ, ಬಿಗಿ ಎಕ್ಸ್‌ಟ್ರ್ಯಾಕ್ಟರಿಗೆ ಅದು ಸಾಲದು. ಹಾಗಾಗಿ ಮೊದಲು ತೋಟಾ ಇಲ್ಲದೆ, ಚೇಂಬರ್ ಖಾಲಿ ಅಂತ ಎರಡೆರಡು ಸಲ ನೋಡಿಕೊಂಡು, ಮೂತಿ ಮೇಲೆ ಮಾಡಿ ಸ್ಲೈಡನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಬಿಡಿ. ಸ್ಲೈಡ್ ತನ್ನ ಭಾರದ ವಿರುದ್ಧ ತಾನೇ ಪೂರ್ತಿ ಮುಚ್ಚಬೇಕು. ಆಮೇಲೆ ಡಮ್ಮಿ ತೋಟಾ ಹಾಕಿ ಮ್ಯಾಗಜಿನ್ನಿನಿಂದ ಎತ್ತಿಸಿ. ಕೊನೆಗೆ ರೇಂಜಿನಲ್ಲಿ, ನಡುವೆ ಒರೆಸದೆ, 100 ಗುಂಡು ಹೊಡೆಯಿರಿ. ನೂರನೆಯದೂ ಮೊದಲನೆಯದರಷ್ಟೇ ಚುರುಕಾಗಿ ಮುಚ್ಚಿದರೆ ಆ ಸ್ಪ್ರಿಂಗ್ ಪಾಸ್.

ಎರಡು ಗಡಿಗಳ ನಡುವೆ ಉಳಿದದ್ದರಲ್ಲಿ ಆರಿಸಿಕೊಡುವುದು ಕಣ್ಣು. 10 ಮೀಟರಿನಲ್ಲಿ ಬೇಗಬೇಗ ಎರಡೆರಡು ಗುಂಡು ಹೊಡೆದು ಫ್ರಂಟ್ ಸೈಟ್ ಎಲ್ಲಿಗೆ ವಾಪಸ್ ಬರುತ್ತದೆ ನೋಡಿ. ಗುರಿಯಿಂದ ಕೆಳಗಿಳಿದು ಮತ್ತೆ ಮೇಲೇಳುತ್ತಿದ್ದರೆ ಒಂದು ಪೌಂಡ್ ಇಳಿಸಿ. ತೇಲುತ್ತ ತಡವಾಗಿ ಬಂದು ಮೇಲೇ ನಿಂತರೆ ಒಂದು ಪೌಂಡ್ ಏರಿಸಿ. ಕಣ್ಣಿಗೆ ಸಿಗದಿದ್ದರೆ ಪಕ್ಕದಿಂದ ಮೊಬೈಲಿನ ಸ್ಲೋ ಮೋಷನ್ ವಿಡಿಯೋ ತೆಗೆಸಿ. ಮೂತಿ ಬಾಗುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇರುವ ಸ್ಪ್ರಿಂಗನ್ನೇ ಒಂದೆರಡು ಸುತ್ತು ಕತ್ತರಿಸಿ ಹಗುರ ಮಾಡುವ ಅಭ್ಯಾಸ ನಮ್ಮಲ್ಲಿ ಇದೆ. ದಯವಿಟ್ಟು ಬೇಡ. ಸುತ್ತು ಕಡಿಮೆಯಾದಷ್ಟೂ ಉಳಿದ ಸ್ಪ್ರಿಂಗಿನ ಗಡಸು ಹೆಚ್ಚುತ್ತದೆ, ಆದರೆ ಉದ್ದ ತಗ್ಗಿದ್ದರಿಂದ ಮುಚ್ಚಿದ ಸ್ಥಿತಿಯ ಒತ್ತಡ ಇಳಿಯುತ್ತದೆ. ಅಂದರೆ ಬೇಕಾದಲ್ಲೇ ಬಲ ಕಳೆದುಕೊಂಡಂತಾಯಿತು. ಹಾಗೆಯೇ ಸುತ್ತುಗಳ ಅಂತರ ಒಂದೇ ಸಮ ಇಲ್ಲದ 'ವೇರಿಯಬಲ್' ಅನ್ನುವ ಸ್ಪ್ರಿಂಗೂ ಮೆದು ತೋಟಾಕ್ಕೆ ನನಗೆ ಒಪ್ಪಿಗೆಯಿಲ್ಲ. ಅದರಲ್ಲೂ ಮುಚ್ಚಿದ ಸ್ಥಿತಿಯ ಬಲ ಕಡಿಮೆ. ಮಾಮೂಲಿ, ಒಂದೇ ಸಮ ಸುತ್ತಿನ ಸ್ಪ್ರಿಂಗ್ ಸಾಕು.

ಹಾಕುವಾಗ ಎರಡು ಎಚ್ಚರ. 1911ರ ಸ್ಪ್ರಿಂಗಿನ ಒಂದು ತುದಿ ಬಿಗಿಯಾಗಿರುತ್ತದೆ, ಅದು ಸ್ಪ್ರಿಂಗಿನೊಳಗೆ ಹೋಗುವ ಗೈಡ್ ರಾಡಿನ ಕಡೆಗೆ ಹೋಗಬೇಕು. ಮುಂದಿನ ಪ್ಲಗ್ಗನ್ನು ಹೆಬ್ಬೆರಳಿನಲ್ಲಿ ಒತ್ತಿಹಿಡಿದೇ ನಳಿಗೆಯ ಮೂತಿ ಸುತ್ತಲಿನ ಬುಶಿಂಗ್ ತಿರುಗಿಸಿ. ಜಾರಿದರೆ ಸೀದಾ ಮುಖಕ್ಕೆ ಚಿಮ್ಮುತ್ತದೆ, ಆದ್ದರಿಂದ ಮನೆಯಲ್ಲಿ ಬಿಚ್ಚುವಾಗಲೂ ಕನ್ನಡಕ ಇರಲಿ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಕೈಯಲ್ಲಿ ಪೂರ್ತಿ ಹಿಂದಕ್ಕೆಳೆದು, ಸ್ಲೈಡಿನ ಕಚ್ಚು ಸ್ಲೈಡ್ ಸ್ಟಾಪಿನಿಂದ ಇನ್ನೂ ಒಂದೂವರೆ ಮಿಲಿಮೀಟರಾದರೂ ಹಿಂದೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಸುತ್ತುಗಳು ಒಂದಕ್ಕೊಂದು ತಾಗಿ ಕಟ್ಟಿಕೊಳ್ಳುತ್ತಿವೆ, ಅಥವಾ ಒಳಗೆ ಯಾರೋ ಬಫರ್ (ಏಟು ತಗ್ಗಿಸುವ ಮೆತ್ತನೆ ಬಿಲ್ಲೆ) ಹಾಕಿದ್ದಾರೆ. ಪರೀಕ್ಷೆ ಮುಗಿಯುವವರೆಗೆ ಬಫರ್ ತೆಗೆದಿಡಿ.

ಡಬ್ಬಿ ಕಳೆದು ಯಾವುದು ಎಷ್ಟು ಪೌಂಡಿನದು ಅಂತ ಗೊತ್ತಾಗದಿದ್ದರೆ, ಕರಿಮೆಣಸಿನ ಚೀಲ ತೂಗುವ ಡಿಜಿಟಲ್ ತಕ್ಕಡಿಯಲ್ಲೇ ಹೋಲಿಸಬಹುದು. ಸ್ಪ್ರಿಂಗಿನೊಳಗೆ ಸರಳು ತೂರಿಸಿ ಪ್ರತಿಯೊಂದನ್ನೂ ಸುಮಾರು 41 ಮಿಲಿಮೀಟರಿಗೆ ಒತ್ತಿ, ತಕ್ಕಡಿ ತೋರಿಸಿದ ಕಿಲೋವನ್ನು 2.2ರಿಂದ ಗುಣಿಸಿ. ಸಿಕ್ಕ ಅಂಕಿ ಕರಾರುವಾಕ್ಕಲ್ಲದಿದ್ದರೂ 12ಕ್ಕೂ 16ಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ತಿಳಿದ ಕೂಡಲೇ ತುದಿಗೆ ಬಣ್ಣದ ಚುಕ್ಕಿ ಇಡಿ.

ಆಯಸ್ಸಿನ ವಿಷಯ. 5 ಇಂಚಿನ 1911ರಲ್ಲಿ 2000ದಿಂದ 3000 ಗುಂಡಿಗೊಮ್ಮೆ ಸ್ಪ್ರಿಂಗ್ ಬದಲಿಸುವುದು ವಾಡಿಕೆ. ಹೊಸದು ಮೊದಲ ನೂರು ಗುಂಡಿನೊಳಗೆ ಸ್ವಲ್ಪ ಕುಗ್ಗುವುದು ಸಹಜ, ಆಮೇಲೆ ಉದ್ದ ಅಳೆದು ಬರೆದಿಡಿ. ಅಲ್ಲಿಂದ ಅರ್ಧ ಇಂಚು ಕಡಿಮೆಯಾದರೆ ಎಸೆಯಿರಿ. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಶತ್ರು ಉಂಟು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಕಕ್ಕಡ ತಿಂಗಳ ಮಳೆಯಲ್ಲಿ ಚರ್ಮದ ಹೋಲ್‌ಸ್ಟರಿನೊಳಗೆ ಬಿಟ್ಟ ಪಿಸ್ತೂಲಿನ ಸ್ಪ್ರಿಂಗ್ ಒಳಗೊಳಗೇ ತುಕ್ಕು ಹಿಡಿಯುತ್ತದೆ. ತುಕ್ಕಿನ ಸಣ್ಣ ಗುಳಿಯಿಂದಲೇ ತಂತಿ ಬಿರುಕು ಬಿಡಲು ಶುರುವಾಗುತ್ತದೆ. ಹೋಲ್‌ಸ್ಟರಿನಿಂದ ತೆಗೆದು, ಎಣ್ಣೆಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗಳ ಜೊತೆ ಪಿಸ್ತೂಲನ್ನೂ ಇಟ್ಟು ಪೂಜೆ ಮಾಡಿದ್ದರೆ, ಗಂಧ ಮತ್ತು ಕೋವಿಗೆ ಸಿಕ್ಕಿಸುವ ಹೂವು ತೋಕ್‌ಪೂವಿನ ಪುಡಿ ರೇಲಿನೊಳಗೆ ಸೇರಿರುತ್ತದೆ. ಒಣಗಿದ ಗಂಧ 12 ಪೌಂಡಿನ ಸ್ಪ್ರಿಂಗಿಗೆ ದೊಡ್ಡ ತಡೆ. ಹಬ್ಬದ ಪಂದ್ಯದಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಮೊದಲು ಬಿಚ್ಚಿ ಒರೆಸಿಕೊಳ್ಳಿ.

ಮ್ಯಾಚ್ ತೋಟಾಕ್ಕೆ 12 ಹೊಂದಿದ ಮೇಲೆ ಅದೇ ಸ್ಪ್ರಿಂಗಿನಲ್ಲಿ ಹಾರ್ಡ್‌ಬಾಲ್ ಹೊಡೆಯಬೇಡಿ. ಒಂದೆರಡು ಗುಂಡಿಗೆ ಏನೂ ಆಗದು. ದಿನಾ ಹೊಡೆದರೆ ಮಾತ್ರ ನಿಮ್ಮ ಮಡಿಕೇರಿಯ ಸ್ನೇಹಿತರ ಭಯ ನಿಜವಾಗುತ್ತದೆ. ಹಾರ್ಡ್‌ಬಾಲಿಗೆ 16 ವಾಪಸ್ ಹಾಕಿ, ಬದಲಿಸಲು ಎರಡು ನಿಮಿಷ ಸಾಕು.

ಇದೇ ಪ್ರಶ್ನೆ ಬೇರೆ ಪಿಸ್ತೂಲಿನವರಿಗೂ ಬರಬಹುದು. 9 ಎಂ.ಎಂ. ನಮ್ಮಲ್ಲಿ ನಾಗರಿಕರಿಗೆ ನಿಷೇಧಿತ ಬೋರ್, ಆದರೆ ಸೇವೆಯಲ್ಲಿದ್ದು ಸ್ಪರ್ಧಿಸುವವರು ಇದ್ದಾರೆ. ಗ್ಲಾಕ್‌ನಂಥ ಸ್ಟ್ರೈಕರ್ (ಹ್ಯಾಮರ್ ಬದಲು ಒಳಗಿನ ಮೊಳೆಯೇ ತೋಟಾಕ್ಕೆ ಹೊಡೆಯುವ) ಪಿಸ್ತೂಲಿನಲ್ಲಿ ಸ್ಟ್ರೈಕರ್ ಸ್ಪ್ರಿಂಗ್ ರೀಕಾಯಿಲ್ ಸ್ಪ್ರಿಂಗಿನ ವಿರುದ್ಧ ಎಳೆಯುತ್ತಿರುತ್ತದೆ. ತೀರಾ ಇಳಿಸಿದರೆ ಟ್ರಿಗರ್ ಒತ್ತುವಾಗಲೇ ಸ್ಲೈಡ್ ತುಸು ಹಿಂದೆ ಸರಿಯಬಹುದು. ಖಾಲಿ ಪಿಸ್ತೂಲಿನ ಮೂತಿ ಮೇಲೆ ಮಾಡಿ, ಟ್ರಿಗರ್ ಒತ್ತಿಹಿಡಿದೇ ಸ್ಲೈಡನ್ನು ಎಳೆದು ನಿಧಾನ ಬಿಡಿ. ಪೂರ್ತಿ ಮುಚ್ಚದಿದ್ದರೆ ಆ ಸ್ಪ್ರಿಂಗ್ ಬೇಡ. ಇನ್ನು .22 ಮತ್ತು .32 ಗುರಿ ಪಿಸ್ತೂಲುಗಳಲ್ಲಿ ನಳಿಗೆಗೆ ಲಾಕ್ ಇರುವುದಿಲ್ಲ, ಬೋಲ್ಟಿನ ತೂಕ ಮತ್ತು ಸ್ಪ್ರಿಂಗ್ ಎರಡನ್ನೂ ತಯಾರಕರೇ ಹೊಂದಿಸಿರುತ್ತಾರೆ. ಅಲ್ಲಿ ಸ್ಪ್ರಿಂಗ್ ಮುಟ್ಟದೆ ತೋಟಾ ಬದಲಿಸಿ ನೋಡುವುದೇ ಸರಿ. .32ರಲ್ಲಂತೂ ಗುಂಡು ಕೇಸಿನ ಬಾಯಿಮಟ್ಟಕ್ಕೆ ಕೂತ ವಾಡ್‌ಕಟರ್ ಮಾತ್ರ. ರಿವಾಲ್ವರಿನ ಉದ್ದ ಗುಂಡಿನ ತೋಟಾ ಆ ಮ್ಯಾಗಜಿನ್ನಿಗೆ ಹಿಡಿಸುವುದೇ ಇಲ್ಲ.

ನಿಮ್ಮ ಮೇನ್‌ಸ್ಪ್ರಿಂಗ್ ಎಷ್ಟು ಪೌಂಡಿನದು, 12 ಮತ್ತು 13ರಲ್ಲಿ ಕೇಸು ಎಷ್ಟು ಅಡಿ ದೂರ ಬಿತ್ತು, ಸಡಿಲ ಕೈಯಲ್ಲಿ ಐದಕ್ಕೆ ಎಷ್ಟು ಸಲ ಸ್ಲೈಡ್ ನಿಂತಿತು, ಈ ಮೂರನ್ನು ಬರೆಯಿರಿ. ಎರಡರಲ್ಲಿ ಯಾವುದು ಇರಲಿ ಅಂತ ಆಗ ಖಚಿತವಾಗಿ ಹೇಳುತ್ತೇನೆ.