ಓಡುತ್ತಿರುವ ಸಿಪಿಯುವನ್ನು ಆಫ್‌ಲೈನ್ ಮಾಡುವ ಲಿನಕ್ಸ್ ಕೋಡ್‌ಗೆ ಇಷ್ಟೊಂದು ಲಾಕ್ (ಒಂದು ಕೆಲಸ ಮುಗಿಯುವತನಕ ಇನ್ನೊಂದನ್ನು ತಡೆಯುವ ಬೀಗ), ಟಿಪ್ಪಣಿ (ಕೋಡ್ ಓದುವವರಿಗೆ ಬರೆದ ವಿವರಣೆ) ಏಕೆ?

ಸಿಪಿಯು ಹೊರಹೋಗುವ ಹೊತ್ತಿನಲ್ಲೇ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಬೇರೊಂದು ಭಾಗ ಅದಕ್ಕೆ ಕೆಲಸ ಒಪ್ಪಿಸಿದರೆ ಆ ಕೆಲಸ ಅಲ್ಲೇ ಸಿಕ್ಕಿಬೀಳುತ್ತದೆ, ಕೆಲವೊಮ್ಮೆ ಇಡೀ ಯಂತ್ರವೇ ನಿಲ್ಲುತ್ತದೆ. ಅದಕ್ಕೇ ಇಷ್ಟು ಕಾವಲು.

ಸಿಪಿಯುವನ್ನು ಆಫ್‌ಲೈನ್ ಮಾಡಲು ಅದರ 'ಆನ್‌ಲೈನ್' ಎಂಬ ಕಡತಕ್ಕೆ 0 ಬರೆಯುತ್ತಾರೆ. ಆದರೆ ಬರೆದ ಕೂಡಲೇ ಸಿಪಿಯು ಆರುವುದಿಲ್ಲ. ಅದರ ಮೇಲಿದ್ದ ಪ್ರೋಗ್ರಾಂಗಳು, ಟೈಮರ್‌ಗಳು, ಇಂಟರಪ್ಟ್‌ಗಳು (ಕೀಬೋರ್ಡ್, ನೆಟ್‌ವರ್ಕ್ ಮುಂತಾದ ಸಾಧನಗಳ ಕರೆಗಳು) ಬೇರೆಡೆಗೆ ಸಾಗಬೇಕು. ಶುರುವಾಗುವಾಗ ಹಂತಹಂತವಾಗಿ ಕಟ್ಟಿದ್ದನ್ನು ಕೊನೆಯ ಹಂತದಿಂದ ಬಿಚ್ಚುತ್ತ ಬರಬೇಕು. ಆದ್ದರಿಂದ ಸಿಪಿಯುಗಳ ಪಟ್ಟಿಯನ್ನು ನೆಚ್ಚುವ ಕೋಡ್ ಮೊದಲು 'ಸಿಪಿಯುಸ್ ರೀಡ್ ಲಾಕ್' ಹಿಡಿಯುತ್ತದೆ. ಅದನ್ನು ಬಿಡುವತನಕ ಆಫ್‌ಲೈನ್ ಕೆಲಸ ಕಾಯಲೇಬೇಕು. ಈ ಲಾಕ್ ಮರೆತರೂ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಚಕಾರ ಎತ್ತುವುದಿಲ್ಲ; ನೆನಪಿಸುವುದು ಟಿಪ್ಪಣಿಯೇ. ಟಿಪ್ಪಣಿಯ ಬೆಲೆ ಇರುವುದೇ ಅಲ್ಲಿ.

ನೀವೇ ಮಾಡಿ ನೋಡುವುದಾದರೆ ಸಿಪಿಯು 1ರಲ್ಲಿ ನೋಡಿ. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಸಿಪಿಯು 0ಗೆ ಸಾಮಾನ್ಯವಾಗಿ ಆ ಕಡತವೇ ಇರುವುದಿಲ್ಲ.