ಕಿವಿ ಕೇಳದ, ಕಣ್ಣು ಕಾಣದ ಗೆಳತಿಗೆ ನಮ್ಮ ತೋಟದ ಫೋಟೋ ಕಳಿಸಿದರೆ ಅವಳಿಗೆ ಅದು ತಲುಪೋದು ಹೇಗೆ?

ಫೋಟೋ ಜೊತೆ ಎರಡು ಮೂರು ಸಾಲು ವಿವರಣೆ ಬರೆಯಿರಿ. ಅದನ್ನು ಅವರು ಬೆರಳಿನಿಂದ ಓದುತ್ತಾರೆ.

ಫೋನಿನ ಸ್ಕ್ರೀನ್ ರೀಡರ್ (ಪರದೆ ಮೇಲಿರೋದನ್ನು ಓದುವ ತಂತ್ರಾಂಶ) ಪದಗಳನ್ನು ಬ್ರೈಲ್ ಡಿಸ್‌ಪ್ಲೇಗೆ ಕಳಿಸುತ್ತದೆ. ಅಂಗೈಯಗಲದಿಂದ ಕೀಬೋರ್ಡ್‌ನಷ್ಟು ಉದ್ದದವರೆಗೂ ಬರುವ ಸಾಧನ ಅದು. ಅದರ ಮೇಲೆ ಪುಟ್ಟ ಮೊಳೆಗಳು ಎದ್ದು ಅಕ್ಷರದ ಚುಕ್ಕಿಗಳಾಗುತ್ತವೆ. ವಿವರಣೆ ಇಲ್ಲದಿದ್ದರೆ ಬೆರಳಿಗೆ ಸಿಗೋದು ಎಷ್ಟೋ ಸಲ ಬರೀ 'ಚಿತ್ರ' ಅನ್ನೋ ಪದ, ಅಷ್ಟೇ.

ಒಂದು ಸಲಕ್ಕೆ ಮೂಡೋದು ಸಾಮಾನ್ಯವಾಗಿ 20 ಇಲ್ಲವೇ 40 ಮನೆ, ಅಂದರೆ ಚುಕ್ಕಿಗಳ ಗುಂಪು. ಕನ್ನಡ ಬ್ರೈಲ್‌ನಲ್ಲಿ ಸ್ವರಕ್ಕೂ ಬೇರೆ ಮನೆ ಬೇಕು. 'ಕಾಫಿ' ಅನ್ನೋದಕ್ಕೇ ನಾಲ್ಕು! ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಹೇಳಬೇಕು.

'ಕೊಡಗಿನ ಸುಂದರ ನೋಟ' ಅಂದರೆ ಏನೂ ತಿಳಿಯಲ್ಲ, ಅಲ್ವಾ? ಹೀಗೆ ಬರೆಯಿರಿ: 'ಹೂ ಅರಳಿಸೋ ಮಳೆ ಬಿದ್ದ ಮೇಲಿನ ಕಾಫಿ ಗಿಡ. ರೆಂಬೆಯುದ್ದಕ್ಕೂ ಒತ್ತೊತ್ತಾಗಿ ಬಿಳಿ ಹೂ. ಮಲ್ಲಿಗೆಯಂಥ ಘಮ.' ಘಮ ಫೋಟೋದಲ್ಲಿ ಇಲ್ಲ ನಿಜ, ಆದರೆ ಅಲ್ಲಿ ನಿಂತಿದ್ದವರು ನೀವು. ದಯವಿಟ್ಟು ಸೇರಿಸಿ.

ಬಣ್ಣವನ್ನೂ ಬಿಡಬೇಡಿ. ಎಷ್ಟೋ ಜನ ಮೊದಲು ಕಂಡು ಆಮೇಲೆ ದೃಷ್ಟಿ ಕಳೆದುಕೊಂಡವರು, ಅವರಿಗೆ ಬಿಳಿ ಇನ್ನೂ ನೆನಪಿರುತ್ತದೆ.