ಕಾರನ್ನೂ ಕರೆದುಕೊಂಡು ಊರು ಬಿಡುವವರಿಗೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಚಿಂತೆಯವು. ರಾಜ್ಯ ಬದಲಾಗುತ್ತಿದೆ, ಮನೆಯಲ್ಲಿ ಸ್ಪೋರ್ಟ್ಸ್ ಕಾರ್ ಇದೆ, ಏನು ಮಾಡೋದು? ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಆ ದಾರಿ, ಆ ಊರು ಎರಡೂ ನನಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಸರ್, ನಾನು ಮೈಸೂರಿನವಳು. ಕೊಯಮತ್ತೂರಿನಲ್ಲಿ ಕೆಲಸ ಸಿಕ್ಕಿದೆ. ಕಡಿಮೆ ಅಂದರೂ ಐದಾರು ವರ್ಷ ಅಲ್ಲೇ ಇರಬೇಕು. ನನ್ನ ಹತ್ತಿರ 2013ರ ಬಿಎಂಡಬ್ಲ್ಯು ಝಡ್4 35ಐ ಇದೆ, ಕೆಎ 09 ನಂಬರ್. ವರ್ಷಗಟ್ಟಲೆ ದುಡ್ಡು ಕೂಡಿಸಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, ಸಾಲ ಇನ್ನೂ ಸ್ವಲ್ಪ ಬಾಕಿ ಇದೆ. ಅಪ್ಪ "ಮಾರಿ ಹೋಗು, ಅಲ್ಲಿ ಬೇರೆ ಯಾವುದಾದರೂ ತಗೋ" ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಕಾಗದಪತ್ರದ ಕೆಲಸ ಎಷ್ಟು? ಕಾರನ್ನು ಓಡಿಸಿಕೊಂಡು ಹೋಗಲೇ, ಲಾರಿಯಲ್ಲಿ ಕಳಿಸಲೇ? ಅಲ್ಲಿ ಈ ಕಾರಿಗೆ ತಕ್ಕ ಜೀವನ ಇದೆಯೇ?
— ಒಬ್ಬ ಓದುಗಿ, ಮೈಸೂರು

ಉತ್ತರ: ಮಾರಬೇಡಿ. ನಿಮ್ಮ ತಂದೆಯವರ ಮಾತಿನಲ್ಲಿ ಕಾಳಜಿ ಇದೆ, ಲೆಕ್ಕವೂ ಇದೆ. ಆದರೆ ಈ ಕಾರನ್ನು ಒಮ್ಮೆ ಕೊಟ್ಟರೆ ಇಂಥದ್ದೇ ಇನ್ನೊಂದು ಸಿಗುವುದು ಬಹಳ ಕಷ್ಟ. ಆರು ಸಿಲಿಂಡರಿನ ಸಾಲು ಎಂಜಿನ್, ಎರಡು ಟರ್ಬೊ, 306 ಕುದುರೆ ಶಕ್ತಿ, ಹಿಂದಿನ ಚಕ್ರಕ್ಕೆ ಮಾತ್ರ ಬಲ, ಮಡಚುವ ಲೋಹದ ಚಾವಣಿ. ನಮ್ಮ ದೇಶಕ್ಕೆ ಬಂದದ್ದೇ ಕಡಿಮೆ. ಅದರಲ್ಲಿ ಸರ್ವಿಸ್ ದಾಖಲೆ ಪೂರ್ತಿ ಇರುವುದು ಇನ್ನೂ ಕಡಿಮೆ. ನೀವು ಕೂಡಿಸಿದ ದುಡ್ಡಿಗಿಂತ ನೀವು ಹುಡುಕಿದ ಹುಡುಕಾಟ ದೊಡ್ಡದು. ಅದನ್ನು ಕಳೆದುಕೊಳ್ಳಬೇಡಿ.

ಆದರೆ ಖರ್ಚನ್ನು ಕಣ್ಣು ಬಿಟ್ಟು ನೋಡಿ. ಮೋಟಾರು ವಾಹನ ಕಾಯ್ದೆ 1988ರ 47ನೇ ಕಲಮಿನ ಪ್ರಕಾರ, ಬೇರೆ ರಾಜ್ಯದಲ್ಲಿ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಲೇಬೇಕು. ನೀವು ಐದಾರು ವರ್ಷ ಅಂದಿರಿ. ಹಾಗಾಗಿ ತಡ ಮಾಡುವುದರಲ್ಲಿ ಅರ್ಥವಿಲ್ಲ. ಮೊದಲು ಬ್ಯಾಂಕಿಗೆ ಹೋಗಿ. ಸಾಲ ಇರುವಾಗ ಬ್ಯಾಂಕಿನ ಒಪ್ಪಿಗೆ ಪತ್ರ ಇಲ್ಲದೆ ಆರ್‌ಟಿಒದಲ್ಲಿ ಎನ್‌ಒಸಿ, ಅಂದರೆ ಕಾರನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಭ್ಯಂತರವಿಲ್ಲ ಎನ್ನುವ ಪತ್ರ, ಸಿಗುವುದಿಲ್ಲ. ಆಮೇಲೆ ಬಾಕಿ ಇರುವ ಟ್ರಾಫಿಕ್ ದಂಡಗಳನ್ನೆಲ್ಲ ಕಟ್ಟಿ. ಕ್ಯಾಮೆರಾ ಹಿಡಿದ ಹಳೆಯ ಸಿಗ್ನಲ್ ಜಂಪ್ ಒಂದು ಉಳಿದಿದ್ದರೂ ಅರ್ಜಿ ನಿಲ್ಲುತ್ತದೆ. ಎನ್‌ಒಸಿಗೆ ಫಾರಂ 28, ಅದರಲ್ಲಿ ಚಾಸಿ ನಂಬರಿನ (ಕಾರಿನ ಚೌಕಟ್ಟಿನ ಮೇಲೆ ಕೊರೆದ ನಂಬರ್) ಮೇಲೆ ಕಾಗದ ಇಟ್ಟು ಉಜ್ಜಿ ತೆಗೆದ ಪೆನ್ಸಿಲ್ ಅಚ್ಚು ಬೇಕು. ಆ ಅಚ್ಚು ತೆಗೆಯುವುದನ್ನು ನಿಮ್ಮ ಕಾರನ್ನು ಬಲ್ಲ ಮೆಕ್ಯಾನಿಕ್‌ಗೆ ಬಿಡಿ, ಆರ್‌ಟಿಒ ಬಾಗಿಲಲ್ಲಿ ನಿಂತವರಿಗೆ ಬೇಡ.

ಎನ್‌ಒಸಿ ತೆಗೆದ ಮೇಲೆ ಸುಮ್ನೆ ಇಟ್ಟುಕೊಳ್ಳಬೇಡಿ. ಹೋಗುವ ದಿನ ಗಟ್ಟಿಯಾದ ಮೇಲೆ ಮಾತ್ರ ಅರ್ಜಿ ಹಾಕಿ. ಕೆಲಸದ ದಿನಾಂಕ ಮುಂದೆ ಹೋಗಿ, ಎನ್‌ಒಸಿ ರದ್ದು ಮಾಡಿಸಲು ಮತ್ತೆ ಅದೇ ಕಚೇರಿಗೆ ಅಲೆದವರನ್ನು ನೋಡಿದ್ದೇನೆ.

ಈಗ ತೆರಿಗೆ. ಹೊಸ ಕಾರಿನ ಬೆಲೆ 20 ಲಕ್ಷ ದಾಟಿದರೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ 18%, ಅದರ ಮೇಲೆ ಸೆಸ್. ತಮಿಳುನಾಡು 2023ರ ನವೆಂಬರ್‌ನಲ್ಲಿ ತನ್ನ ದರ ಏರಿಸಿತು, 20 ಲಕ್ಷದ ಮೇಲೆ 20%. ನಿಮ್ಮದು ಹಳೆಯ ಕಾರು, ವಯಸ್ಸಿಗೆ ತಕ್ಕಂತೆ ದರ ಇಳಿಯುತ್ತದೆ. ಆದರೂ ಅದು ಕೈ ಕಚ್ಚುವ ಮೊತ್ತವೇ. ಅಲ್ಲಿನ ಆರ್‌ಟಿಒದಲ್ಲಿ ನಿಮ್ಮ ಕಾರಿನ ಮೂಲ ಬಿಲ್ ತೋರಿಸಿ, ಮೊತ್ತವನ್ನು ಮೊದಲೇ ಕೇಳಿ ಬರೆದುಕೊಳ್ಳಿ. ಹೊಸ ನಂಬರ್ ಬಂದ ಮೇಲೆ ಅದರ ಪ್ರತಿ ಇಟ್ಟು ಮೈಸೂರಿನಲ್ಲಿ ತೆರಿಗೆ ವಾಪಸಾತಿಗೆ ಅರ್ಜಿ ಹಾಕಿ. ಕಾರಿಗೆ ವಯಸ್ಸಾದಷ್ಟೂ ವಾಪಸ್ ಬರುವ ದುಡ್ಡು ಕಡಿಮೆ. ಆದರೂ ಬಿಡಬೇಡಿ, ಅದು ನಿಮ್ಮ ಹಕ್ಕು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. 2028ಕ್ಕೆ ನಿಮ್ಮ ಕಾರಿಗೆ 15 ವರ್ಷ ತುಂಬುತ್ತದೆ. ಆಗ ನೋಂದಣಿ ನವೀಕರಿಸಬೇಕು. ದಾಖಲೆಯಲ್ಲಿ ಆಮದು ವಾಹನ ಎಂದು ಇದ್ದರೆ ಅದರ ಶುಲ್ಕ ಸಾಮಾನ್ಯ ಕಾರಿನಂತೆ 5,000 ಅಲ್ಲ, 40,000 ರೂಪಾಯಿ. ಅಪ್ಪನ ಜೊತೆ ಕೂತು ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಎಲ್ಲ ಸೇರಿಸಿದ ಮೇಲೂ ನಿಮ್ಮ ಸಂಬಳಕ್ಕೆ ಭಾರವಲ್ಲ ಅನ್ನಿಸಿದರೆ, ಅವರಿಗೆ ಆ ಕಾಗದವನ್ನೇ ತೋರಿಸಿ. ಕಾರಿನ ಮೇಲಿನ ಪ್ರೀತಿಯನ್ನು ವಾದದಲ್ಲಿ ಗೆಲ್ಲಿಸಲು ಆಗುವುದಿಲ್ಲ. ಲೆಕ್ಕ ಮಾಡಿ ತೋರಿಸಿದರೆ ಅಪ್ಪಂದಿರು ಒಪ್ಪುತ್ತಾರೆ.

ಓಡಿಸಿಕೊಂಡು ಹೋಗಿ. ಮೈಸೂರಿನಿಂದ ಕೊಯಮತ್ತೂರು 200 ಕಿ.ಮೀ. ಆಸುಪಾಸು. ಇಷ್ಟು ದೂರಕ್ಕೆ ಲಾರಿ ಬೇಡ. ತಗ್ಗಾದ ಕಾರಿಗೆ ಹೆಚ್ಚು ಪೆಟ್ಟು ಬೀಳುವುದು ಲಾರಿಗೆ ಹತ್ತಿಸುವಾಗ, ಇಳಿಸುವಾಗಲೇ. ದಾರಿ ಎರಡಿವೆ. ಒಂದು ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಊಟಿ. ಇನ್ನೊಂದು ಚಾಮರಾಜನಗರ, ಹಾಸನೂರು, ದಿಂಬಂ, ಬಣ್ಣಾರಿ, ಸತ್ಯಮಂಗಲ. ಎರಡೂ ಹುಲಿಗಳ ಕಾಡು, ಎರಡರಲ್ಲೂ ರಾತ್ರಿ ಸಂಚಾರ ಬಂದ್. ಊಟಿ ಕಡೆ ಹೋದರೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಅದು ಕಡ್ಡಾಯ.

ನನ್ನ ಮಾತು ಕೇಳಿದರೆ ದಿಂಬಂ ಮೇಲೆ ಹೋಗಿ, ವಾರದ ಮಧ್ಯದ ದಿನ, ಬೆಳಿಗ್ಗೆ. ಹಾಸನೂರು, ತಾಳವಾಡಿ ಕಡೆ ತಮಿಳುನಾಡಿನೊಳಗೆ ಬಂದಮೇಲೂ ಕನ್ನಡವೇ ಕೇಳುತ್ತದೆ. ಅಲ್ಲಿ ನಿಲ್ಲಿಸಿ ಒಂದು ಟೀ ಕುಡಿಯಿರಿ, ಟೈರ್ ಗಾಳಿ ನೋಡಿ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲ ಎನ್ನುವುದು ನೆನಪಿರಲಿ. ಕಂಪನಿಯವರು ಕೊಟ್ಟ, ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲ್ಯಾಟ್ ಟೈರೇ ಇದ್ದರೆ ನಿಧಾನಕ್ಕೆ ಮುಂದಿನ ಊರು ಸೇರಬಹುದು. ಹಿಂದಿನ ಮಾಲೀಕರು ಮಾಮೂಲಿ ಟೈರ್ ಹಾಕಿಸಿದ್ದರೆ ಪಂಕ್ಚರ್ ಕಿಟ್ ಮತ್ತು ಗಾಳಿ ಪಂಪ್ ಇಲ್ಲದೆ ಕಾಡಿಗೆ ಇಳಿಯಬೇಡಿ.

ದಿಂಬಂನಿಂದ ಕೆಳಗೆ 27 ಹೇರ್‌ಪಿನ್ ತಿರುವು. ಎದುರಿಗೆ ಹತ್ತುವ ಲಾರಿಗೆ ಇಡೀ ತಿರುವು ಬೇಕು. ಅದಕ್ಕೆ ದಾರಿ ಬಿಟ್ಟು ಮೇಲೆಯೇ ನಿಲ್ಲಿ, ಒಳಗೆ ನುಗ್ಗಬೇಡಿ. ಬ್ರೇಕ್ ಒತ್ತುತ್ತಲೇ ಇಳಿಯಬೇಡಿ, ಗೇರ್ ಅನ್ನು ಕೈಯಿಂದ ಎರಡಕ್ಕೆ ಹಾಕಿ ಎಂಜಿನ್ನೇ ಹಿಡಿಯಲಿ. ಕಾಡಿನ ಹಂಪ್‌ಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ ದಾಟಿ. ಜೋರಾಗಿ ಓಡಿಸುವ ಆಸೆಯನ್ನು ಅಲ್ಲಿ ಪೂರ್ತಿ ಬದಿಗಿಡಿ. ಅದು ಆನೆ ದಾಟುವ ರಸ್ತೆ.

ಯಾಕೆಂದರೆ ಆ ಆಸೆಗೆ ಕೊಯಮತ್ತೂರಿನಲ್ಲೇ ಜಾಗ ಇದೆ. ಇದನ್ನು ಬರೆಯುವಾಗ ನನಗೆ ಖುಷಿಯಾಗುತ್ತಿದೆ. ನಮ್ಮ ದೇಶದಲ್ಲಿ ಮೋಟಾರ್ ರೇಸಿಂಗ್‌ಗೆ ತವರು ಅಂತ ಒಂದು ಊರಿದ್ದರೆ ಅದು ಕೊಯಮತ್ತೂರು. ಎಸ್. ಕರಿವರ್ಧನ್ ಅಲ್ಲಿ ಕೂತು, ಮಾರುತಿ ಎಂಜಿನ್ ಇಟ್ಟು, ಮಧ್ಯಮ ವರ್ಗದ ಹುಡುಗರೂ ಓಡಿಸಬಹುದಾದ ರೇಸ್ ಕಾರುಗಳನ್ನು ಕಟ್ಟಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದೇ. 2005ರಲ್ಲಿ ಭಾರತದಿಂದ ಮೊದಲು ಫಾರ್ಮುಲಾ ಒನ್ ತಲುಪಿದ ನಾರಾಯಣ್ ಕಾರ್ತಿಕೇಯನ್ ಅದೇ ಊರಿನವರು. ಆ ಊರಿನ ಹೆಸರಾಂತ ಸಂಶೋಧಕ, ಉದ್ಯಮಿ ಜಿ.ಡಿ. ನಾಯ್ಡು ಅವರ ಕುಟುಂಬದವರು ನಡೆಸುವ ಕಾರ್ ಮ್ಯೂಸಿಯಂ 2015ರಿಂದ ತೆರೆದಿದೆ. ಮೊದಲ ವಾರವೇ ಹೋಗಿ ಬನ್ನಿ. ಕಾರಿನ ಹುಚ್ಚು ಇರುವವರ ಪರಿಚಯ ಅಲ್ಲೇ ಆಗುತ್ತದೆ.

ಕರಿ ಟ್ರ್ಯಾಕ್ ಚಿಕ್ಕದು, ತಿರುವು ಬಿಗಿ. ನಿಮ್ಮ ಕಾರಿನ ಶಕ್ತಿಗಿಂತ ನಿಮ್ಮ ಕೈಗೆ ಅಲ್ಲಿ ಪಾಠ ಜಾಸ್ತಿ. ಸಾರ್ವಜನಿಕರಿಗೆ ಟ್ರ್ಯಾಕ್ ಡೇ ಇರುವ ದಿನ ಕೇಳಿಕೊಂಡು ಹೋಗಿ. ಹೋಗುವ ಮುನ್ನ ಬ್ರೇಕ್ ಆಯಿಲ್ ಹೊಸದು ಹಾಕಿಸಿ, ಒಳ್ಳೆಯ ಹೆಲ್ಮೆಟ್ ಕೊಳ್ಳಿ. ರೇಸ್, ವೇಗ ಪರೀಕ್ಷೆಯಲ್ಲಿ ಆದ ಪೆಟ್ಟಿಗೆ ನಮ್ಮ ಮಾಮೂಲಿ ವಾಹನ ವಿಮೆ ದುಡ್ಡು ಕೊಡುವುದಿಲ್ಲ. ಅದನ್ನು ತಿಳಿದೇ ಇಳಿಯಿರಿ.

ವಾಲ್ಪಾರೈ ರಸ್ತೆಯ 40 ತಿರುವುಗಳ ಬಗ್ಗೆಯೂ ಅಲ್ಲಿನವರು ಆಸೆ ಹುಟ್ಟಿಸುತ್ತಾರೆ. ಹೋಗಿ, ಚಾವಣಿ ಮಡಚಿ, ನಿಧಾನವಾಗಿ. ಸುಂದರವಾದ ರಸ್ತೆ.

ಮೆಕ್ಯಾನಿಕ್ ಬಗ್ಗೆ ಚಿಂತೆ ಬೇಡ. ಪಂಪ್, ಮೋಟಾರ್, ಎರಕದ ಕೆಲಸಕ್ಕೆ ಹೆಸರಾದ ಊರದು, ಲೇತ್ ಮುಂದೆ ನಿಂತವರ ಕೈ ಬಹಳ ಪಳಗಿದೆ. ಆದರೂ ಗ್ಯಾರೇಜ್ ಹುಡುಕುವಾಗ ಎರಡು ಮಾತು ಕೇಳಿ. ನಿಮ್ಮ ಎಂಜಿನ್ನಿನ ಹೈ ಪ್ರೆಷರ್ ಫ್ಯೂಯೆಲ್ ಪಂಪ್ ಮತ್ತು ವಿದ್ಯುತ್ ವಾಟರ್ ಪಂಪ್, ಎರಡೂ ಕೈಕೊಡುವ ಭಾಗಗಳು ಎಂದು ಹೆಸರಾದವು. ಅವನ್ನು ಬದಲಿಸಿದ ಅನುಭವ ಇದೆಯೇ? ಕಾರಿನ ತಳ ಮುರಿಯದಂತೆ ಎತ್ತುವ ಲಿಫ್ಟ್ ಇದೆಯೇ? ಎರಡಕ್ಕೂ ತಕ್ಷಣ, ಬಿಡಿಸಿ ಉತ್ತರ ಬಂದರೆ ಅಲ್ಲಿಗೇ ಹೋಗಿ.

ಮನೆ ಬಾಡಿಗೆಗೆ ಹಿಡಿಯುವಾಗ ಕಾರಿನಲ್ಲೇ ಹೋಗಿ ಇಳಿಜಾರು ಹತ್ತಿಸಿ ನೋಡಿ. ಬೇಸ್‌ಮೆಂಟ್ ಬಾಯಲ್ಲಿ ಬಂಪರ್ ತಾಗಿದರೆ ಆ ಮನೆ ಬೇಡ. ಅಡುಗೆಮನೆ ಎಷ್ಟೇ ಚೆನ್ನಾಗಿರಲಿ, ದಿನಕ್ಕೆರಡು ಸಲ ಕೆರೆಯುವ ಶಬ್ದ ಕೇಳುತ್ತಾ ಬದುಕಲು ನಿಮ್ಮಿಂದ ಆಗುವುದಿಲ್ಲ.

ಪ್ರಶ್ನೆ: ಪುಣೆಯಲ್ಲಿದ್ದೆ, ಈಗ ಊರಿಗೆ, ಮಂಗಳೂರಿಗೆ ವಾಪಸ್ ಬರುತ್ತಿದ್ದೇನೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ಇದೆ, ಎಂಎಚ್ 12. ಸ್ನೇಹಿತರು "ನಂಬರ್ ಬದಲಿಸಬೇಡ, ಯಾರೂ ಕೇಳಲ್ಲ" ಅನ್ನುತ್ತಾರೆ. ನಿಜವೇ?
— ಪುಣೆಯಿಂದ ಒಬ್ಬರು

ಉತ್ತರ: ಅವರ ಮಾತು ಕೇಳಬೇಡಿ. 2025ರ ಜುಲೈನಲ್ಲಿ ಏನಾಯಿತು ಗೊತ್ತಲ್ವಾ? ಮಹಾರಾಷ್ಟ್ರದ ನಂಬರ್ ಇದ್ದ ಒಂದು ಫೆರಾರಿ ಬೆಂಗಳೂರಿನಲ್ಲೇ ಓಡಾಡುತ್ತಿತ್ತು. ಸಾರಿಗೆ ಇಲಾಖೆಯವರು ಹಿಡಿದರು. ಮಾಲೀಕರು ಕಟ್ಟಿದ ತೆರಿಗೆ ಮತ್ತು ದಂಡ ಸುಮಾರು 1.42 ಕೋಟಿ ರೂಪಾಯಿ. ಅದೇ ವರ್ಷದ ಫೆಬ್ರುವರಿಯಲ್ಲೂ ಹೊರರಾಜ್ಯದ ನಂಬರಿನ ಐಷಾರಾಮಿ ಕಾರುಗಳನ್ನು ಸಾಲಾಗಿ ಹಿಡಿದಿದ್ದರು. ನಿಮ್ಮದು ಆ ಬೆಲೆಯ ಕಾರಲ್ಲ, ನಿಜ. ಆದರೆ ಮೂರೇ ಬಾಗಿಲಿನ, ಕೆಂಪು ಗೆರೆಯ ಪೋಲೊ ಮಂಗಳೂರಿನಲ್ಲಿ ಎಷ್ಟಿರುತ್ತವೆ? ಭಾರತಕ್ಕೆ ತರಿಸಿದ್ದೇ 99. ನೋಡಿದವರು ಮರೆಯುವುದಿಲ್ಲ.

ನ್ಯಾಯವಾಗಿ ನಿಮಗೆ 12 ತಿಂಗಳಿದೆ. ನಮ್ಮ ರಾಜ್ಯ 2014ರಲ್ಲಿ ಅದನ್ನು 30 ದಿನಕ್ಕೆ ಇಳಿಸಿತ್ತು, 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ನೀವು ಬಂದ ದಿನಕ್ಕೆ ಸಾಕ್ಷಿ ಇಟ್ಟುಕೊಳ್ಳಿ. ಟೋಲ್‌ನ ಫಾಸ್ಟ್ಯಾಗ್ ಸಂದೇಶ, ಕೆಲಸ ಬಿಟ್ಟ ಪತ್ರ, ಬಾಡಿಗೆ ಕರಾರು, ಯಾವುದಾದರೂ ಸರಿ. ಕೆಲಸದ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇದ್ದರೆ ಬಿಎಚ್ ನಂಬರಿಗೂ (ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ಭಾರತ್ ಸರಣಿಯ ನಂಬರ್) ಕೇಳಿ ನೋಡಿ. 2022ರ ಡಿಸೆಂಬರ್ ತಿದ್ದುಪಡಿಯ ನಂತರ ಮೊದಲೇ ನೋಂದಣಿಯಾದ ಕಾರಿಗೂ ಅದು ಸಿಗುತ್ತದೆ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುವುದರಿಂದ ಮತ್ತೆ ವರ್ಗವಾದರೂ ತಲೆನೋವಿಲ್ಲ. ಮಂಗಳೂರಲ್ಲೇ ನೆಲೆ ನಿಲ್ಲುವವರಾದರೆ ಕೆಎ 19 ಪಡೆದು ನಿಶ್ಚಿಂತೆಯಾಗಿರಿ.

ಬರುವ ದಾರಿಯ ಘಟ್ಟದಲ್ಲಿ, ಆಮೇಲೆ ಊರ ಏರುದಾರಿಯ ಟ್ರಾಫಿಕ್‌ನಲ್ಲೂ ಒಂದು ಜಾಗ್ರತೆ. ತಾನೇ ಗೇರ್ ಬದಲಿಸುವ ನಿಮ್ಮ ಡಿಎಸ್‌ಜಿ ಗೇರ್‌ಬಾಕ್ಸಿನ ಕ್ಲಚ್ ಒಣ ಕ್ಲಚ್, ತಂಪಿಡಲು ಅದರ ಸುತ್ತ ಎಣ್ಣೆ ಇರುವುದಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸಬೇಡಿ, ಕ್ಲಚ್ ಕಾದು ಹಾಳಾಗುತ್ತದೆ. ಬ್ರೇಕ್ ಹಿಡಿದು ನಿಲ್ಲಿ, ಮುಂದೆ ಜಾಗ ಬಿಟ್ಟ ಮೇಲೆ ಹೊರಡಿ. ಕರಾವಳಿಯ ಮಳೆಗಾಲ ಹತ್ತಿರ ಬಂದಿದ್ದರೆ ಕಾರಿನ ತಳಕ್ಕೆ ತುಕ್ಕು ತಡೆಯುವ ಲೇಪ ಮೊದಲೇ ಮಾಡಿಸಿ. ಪುಣೆಯ ಒಣಹವೆಯಲ್ಲಿ ಬೆಳೆದ ಕಾರಿಗೆ ಉಪ್ಪುಗಾಳಿ ಹೊಸದು.

ಪ್ರಶ್ನೆ: ಹೈದರಾಬಾದ್‌ಗೆ ಹೋಗುತ್ತಿದ್ದೇನೆ. ಕಾರಿಗೆ ಕಂಪನಿಯದಲ್ಲದ, ಹೊರಗಿನ ಎಕ್ಸಾಸ್ಟ್ (ಹೊಗೆ ಕೊಳವೆ) ಹಾಕಿಸಿದ್ದೇನೆ, ಗಾಜಿಗೆ ಕಪ್ಪು ಫಿಲ್ಮ್ ಇದೆ, ಬಣ್ಣವೂ ಬದಲಾಗಿದೆ. ಮರುನೋಂದಣಿಗೆ ತೊಂದರೆಯೇ?
— ಹುಬ್ಬಳ್ಳಿಯ ಓದುಗ

ಉತ್ತರ: ಮೂರಕ್ಕೂ ತೊಂದರೆ ಇದೆ. ಇನ್‌ಸ್ಪೆಕ್ಟರ್ ಕಾರನ್ನು ಆರ್‌ಸಿ ಜೊತೆ ಹೋಲಿಸಿ ನೋಡುತ್ತಾರೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಮಾಡುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಕ್ಸಾಸ್ಟ್ ಅದಕ್ಕೇ ಸಿಕ್ಕಿಬೀಳುತ್ತದೆ. ಹಳೆಯದನ್ನು ಇಟ್ಟುಕೊಂಡಿದ್ದರೆ ಈಗಲೇ ಹಾಕಿಸಿ, ಊರು ಬಿಟ್ಟ ಮೇಲೆ ಹುಡುಕುವುದು ಕಷ್ಟ. ಫಿಲ್ಮ್ 2012ರಿಂದಲೇ ಸುಪ್ರೀಂ ಕೋರ್ಟ್ ನಿಷೇಧಿಸಿದ್ದು, ತೆಗೆಸಿ. ಬಣ್ಣವನ್ನು ಮಾತ್ರ ಉಳಿಸಿಕೊಳ್ಳಬಹುದು. ಹುಬ್ಬಳ್ಳಿಯ ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ಬಣ್ಣ ಸೇರಿಸಿಕೊಂಡು, ಆಮೇಲೆ ಎನ್‌ಒಸಿ ಕೇಳಿ. ಇದೇ ಕ್ರಮದಲ್ಲಿ ಮಾಡಿ, ಎನ್‌ಒಸಿ ಮೊದಲು ತೆಗೆದರೆ ಎರಡು ರಾಜ್ಯದ ನಡುವೆ ಸಿಕ್ಕಿಕೊಳ್ಳುತ್ತೀರಿ. ಹೊಸ ನಂಬರ್ ಬಂದ ದಿನವೇ ವಿಮೆ ಕಂಪನಿಗೆ ತಿಳಿಸಿ, ಫಾಸ್ಟ್ಯಾಗ್ ಕೂಡ ಹೊಸ ನಂಬರಿಗೆ ಮಾಡಿಸಿ.